ಕಲ್ಲುಹೂವು ಕೀಳುವ ಮುನ್ನ

ನಾನಿರುವ ಪುಣೆಯಲ್ಲಿ ಗೋಡಾ ಮಸಾಲೆಗೆ ಹಾಕುವ ‘ದಗಡ್‌ಫೂಲ್’ ನಮ್ಮ ಕಲ್ಲುಹೂವೇ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಈ ಜೀವಿಗೆ ಇಂಗ್ಲಿಷಿನಲ್ಲಿ ಲೈಕೆನ್ ಎನ್ನುತ್ತಾರೆ. ಅಡುಗೆಮನೆಯಲ್ಲಿ ಬೆಲೆಬಾಳುವ ಇದರ ನೆಂಟರು ಹಳೆಯ ಗುಡಿಯ ಗೋಡೆಯ ಮೇಲೆ ಕಂಡರೆ ಮಾತ್ರ ನಮ್ಮ ಕಣ್ಣಿಗೆ ಕೊಳೆ. ಕೊಳೆ ಎಂದಮೇಲೆ ಉಜ್ಜಿ ತೊಳೆಯಬೇಕು. ಈ ಸರಳ ತರ್ಕ ಎಂಥ ವಿವಾದಕ್ಕೆ ದಾರಿಯಾಯಿತು ಎಂಬುದಕ್ಕೆ ಕಾಂಬೋಡಿಯದ ಅಂಗ್ಕೋರ್ ವಾಟ್ ಸಾಕ್ಷಿ. ಆ ಕತೆಯಲ್ಲಿ ನಮ್ಮ ದೇಶದ್ದೂ ಒಂದು ಪಾತ್ರವಿದೆ.

12ನೇ ಶತಮಾನದ ಮೊದಲರ್ಧದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಲು ತೊಡಗಿದ ಈ ದೇವಾಲಯದ ಮರಳುಗಲ್ಲು ಬಂದದ್ದು ಕುಲೆನ್ ಬೆಟ್ಟದ ಕಡೆಯಿಂದ. 1970ರ ದಶಕದಲ್ಲಿ ಯುದ್ಧ, ಆಮೇಲೆ ಖಮೇರ್ ರೂಜ್ ಆಳ್ವಿಕೆ. ದೇವಾಲಯವನ್ನು ನೋಡಿಕೊಳ್ಳುವವರೇ ಇಲ್ಲವಾದರು. ನಂತರ ಬಂದ ಸರ್ಕಾರವನ್ನು ಹೆಚ್ಚಿನ ದೇಶಗಳು ಒಪ್ಪಿರಲಿಲ್ಲ. ಭಾರತ 1980ರಲ್ಲೇ ಮಾನ್ಯತೆ ಕೊಟ್ಟಿತ್ತು. ಹೀಗಾಗಿ 1986ರಿಂದ 1993ರವರೆಗೆ ಅಲ್ಲಿ ಕೆಲಸ ಮಾಡಿದ್ದು ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆ. ನೆಲಬಾಂಬುಗಳ ಭಯವಿದ್ದ ಆ ದಿನಗಳಲ್ಲಿ ನಮ್ಮವರು ಹೋದರು, ಕುಸಿದ ಭಾಗಗಳನ್ನು ನಿಲ್ಲಿಸಿದರು ಎಂಬುದನ್ನು ಮರೆಯಬಾರದು.

ಟೀಕೆ ಬಂದದ್ದು ತೊಳೆಯುವ ಕೆಲಸಕ್ಕೆ. ತೆಳುವಾದ ಅಮೋನಿಯಾ ದ್ರಾವಣ ಹಾಕಿ, ಬ್ರಷ್‌ನಿಂದ ಉಜ್ಜಿ ಪಾಚಿ, ಕಲ್ಲುಹೂವು ತೆಗೆದರು. ಮತ್ತೆ ಬೆಳೆಯದಂತೆ ಶಿಲೀಂಧ್ರನಾಶಕ, ಅದರ ಮೇಲೆ ಪಾಲಿಮರ್ ಲೇಪನ. ಕಪ್ಪಾಗಿದ್ದ ಗೋಡೆಗಳು ಬೆಳ್ಳಗಾದವು. ಆದರೆ ಕಲ್ಲಿನ ಮೇಲ್ಪದರವೂ ಜೊತೆಗೆ ಹೋಯಿತು ಎಂದು ಪಾಶ್ಚಾತ್ಯ ತಜ್ಞರೂ ಪತ್ರಿಕೆಗಳೂ ಆಕ್ಷೇಪಿಸಿದರು. ಇಲಾಖೆ ಅದನ್ನು ಒಪ್ಪಲಿಲ್ಲ.

ಯಾರು ಸರಿ? ಮೊದಲು ಕಲ್ಲುಹೂವು ಏನು ಮಾಡುತ್ತದೆ ಎಂದು ನೋಡಬೇಕು. ಅದರ ಶಿಲೀಂಧ್ರದ ಎಳೆಗಳು ಕಲ್ಲಿನ ಕಣಗಳ ನಡುವೆ ಇಳಿಯುತ್ತವೆ, ಆಕ್ಸಾಲಿಕ್ ಆಮ್ಲ ಸುರಿಸುತ್ತವೆ, ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತಾ ಕಣಗಳನ್ನು ಸಡಿಲಿಸುತ್ತವೆ. ಇದು ಹಾನಿಯೇ. ಆದರೆ ಅದೇ ಪದರ ಕೆಲವೆಡೆ ಕೊಡೆಯಂತೆ ಮಳೆಹನಿಯ ಪೆಟ್ಟನ್ನೂ ಬಿಸಿಲನ್ನೂ ತಡೆಯುತ್ತದೆ. ಸಡಿಲವಾದ ಕಣಗಳನ್ನು ಹಿಡಿದಿಟ್ಟಿರುತ್ತದೆ. ಕಿತ್ತರೆ ಕಣಗಳೂ ಬರುತ್ತವೆ. ಬರಿದಾದ ಕಲ್ಲಿನ ಮೇಲೆ ಕಪ್ಪು ಸೂಕ್ಷ್ಮಜೀವಿಗಳು ಬಂದು ಕೂತರೆ ಆ ಕಪ್ಪು ಬಣ್ಣ ಬಿಸಿಲನ್ನು ಇನ್ನಷ್ಟು ಹೀರುತ್ತದೆ. ಅಂದರೆ ಉತ್ತರ ಇಡೀ ಗುಡಿಗೆ ಒಂದೇ ಆಗಿರುವುದಿಲ್ಲ. ಒಂದೊಂದು ಗೋಡೆಗೂ ಬೇರೆ.

1995ರಲ್ಲಿ ಕಲೋನ್‌ನ ತಾಂತ್ರಿಕ ವಿದ್ಯಾಸಂಸ್ಥೆಯೊಂದರ ತಂಡ ಅಲ್ಲಿ ಜರ್ಮನ್ ಅಪ್ಸರಾ ಸಂರಕ್ಷಣಾ ಯೋಜನೆ ಆರಂಭಿಸಿತು. 1,800ಕ್ಕೂ ಹೆಚ್ಚು ಅಪ್ಸರೆಯರ ಉಬ್ಬುಶಿಲ್ಪಗಳ ಸ್ಥಿತಿಯನ್ನು ಒಂದೊಂದಾಗಿ ದಾಖಲಿಸಿದರು: ಎಲ್ಲಿ ಚಕ್ಕೆ ಏಳುತ್ತಿದೆ, ಎಲ್ಲಿ ಪುಡಿಯಾಗುತ್ತಿದೆ, ಎಲ್ಲಿ ಏನು ಬೆಳೆದಿದೆ. ಇಂಥ ಪರಿಶೀಲನೆಯ ಸಲಕರಣೆಗಳು ಸರಳ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಕೇಳಿಸುತ್ತದೆ. ಕಾರ್ಸ್ಟೆನ್ ಕೊಳವೆ ಎಂಬ ಸಣ್ಣ ಗಾಜಿನ ನಳಿಕೆಯನ್ನು ಗೋಡೆಗೆ ಅಂಟಿಸಿ ನೀರು ತುಂಬಿದರೆ ಕಲ್ಲು ಎಷ್ಟು ಬೇಗ ನೀರು ಕುಡಿಯುತ್ತದೆ ಎಂದು ತಿಳಿಯುತ್ತದೆ.

ಹೀಗೆ ಹುಡುಕಿದಾಗ ಅಪರಾಧಿ ಬೇರೆಯೇ ಇರಬಹುದು. ಅಂಗ್ಕೋರ್‌ನ ಒಳಾಂಗಣಗಳಲ್ಲಿ ಕಂಬದ ಬುಡ ಸವೆಯಲು ಒಂದು ಮುಖ್ಯ ಕಾರಣ ಬಾವಲಿಗಳ ಹಿಕ್ಕೆ ಎಂದು ಸಂಶೋಧಕರು ಕಂಡುಕೊಂಡರು. ಅದರ ಲವಣಗಳು ನೀರಿನೊಡನೆ ಕಲ್ಲಿನೊಳಗೆ ಸೇರಿ, ಹರಳುಗಟ್ಟಿ, ಪದರಗಳನ್ನು ಒಡೆಯುತ್ತವೆ. ಅಲ್ಲಿ ಪಾಚಿ ಉಜ್ಜಿ ಏನು ಪ್ರಯೋಜನ?

ನನ್ನ ವೃತ್ತಿಯಲ್ಲಿ ಬದಲಾವಣೆಗೆ ಮುಂಚಿನ ಸ್ಥಿತಿಯನ್ನು ದಾಖಲಿಸದೆ ಯಾರೂ ಕೋಡ್ ಮುಟ್ಟುವುದಿಲ್ಲ. ಮೊದಲು ಟೆಸ್ಟ್, ಆಮೇಲೆ ಪ್ರೊಡಕ್ಷನ್, ಕೆಟ್ಟರೆ ಹಳೆಯ ಆವೃತ್ತಿಗೆ ವಾಪಸು. ಕಲ್ಲಿಗೆ ಹಳೆಯ ಆವೃತ್ತಿ ಇಲ್ಲ. ಕೆತ್ತನೆಯ ಅರ್ಧ ಮಿಲಿಮೀಟರ್ ಹೋದರೆ ಅಪ್ಸರೆಯ ಮುಖಭಾವವೇ ಹೋದಂತೆ. ಇಷ್ಟೂ ಓದಿದ ಮೇಲೆ ನನಗನ್ನಿಸುವುದು: ಅಂಗ್ಕೋರ್‌ನ ಪಾಠ ‘ತೊಳೆಯಬೇಡಿ’ ಎಂದಲ್ಲ. ಮೊದಲು ಅಳೆಯಿರಿ, ಅಂಗೈಯಗಲದ ಜಾಗದಲ್ಲಿ ಪ್ರಯೋಗ ಮಾಡಿ, ಮಳೆಗಾಲ ಕಳೆಯಲಿ, ಆಮೇಲೆ ತೀರ್ಮಾನಿಸಿ ಎಂಬುದು.

ಇದು ನಮಗೂ ಸಂಬಂಧಿಸಿದ್ದೇ. ಊರು ಬಿಟ್ಟ ನಮ್ಮ ಫೋನಿಗೆ ಆಗಾಗ ಊರಿನ ಗುಡಿಯ ಜೀರ್ಣೋದ್ಧಾರದ ಚಂದಾ ಸಂದೇಶ ಬರುತ್ತದೆ. ದೂರದಲ್ಲಿರುವ ಋಣಕ್ಕೆ ನಾವು ಹಿಂದೆಮುಂದೆ ನೋಡದೆ ದುಡ್ಡು ಕಳಿಸುತ್ತೇವೆ. ಆ ದುಡ್ಡಿನಲ್ಲೇ ತಂತಿ ಬ್ರಷ್ಷೂ ಆಸಿಡ್ಡೂ ಬರಬಹುದು. ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳೋಣ: ಈಗಿನ ಸ್ಥಿತಿಯ ಫೋಟೊ ಇದೆಯೇ? ಮೂಲೆಯೊಂದರಲ್ಲಿ ಪ್ರಯೋಗ ಮಾಡಿದ್ದೀರಾ? ನೀರು ಎಲ್ಲಿಂದ ಸೋರುತ್ತಿದೆ? ಮೂರನೆಯದಕ್ಕೆ ಉತ್ತರ ಸಿಕ್ಕರೆ ಹಲವು ಸಲ ಕಲ್ಲನ್ನು ಮುಟ್ಟುವ ಅಗತ್ಯವೇ ಬೀಳದು. ಮಾಡು ರಿಪೇರಿಯಾದರೆ ಸಾಕು.