ಮಾನ್ಯಖೇಟದ ಸಂಖ್ಯಾಹಾರ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಹೆಸರು ಸರ್ಕಾರಿ ವರದಿಗಳಲ್ಲಿ ಬರುವುದು ಹೆಚ್ಚಾಗಿ ಕೊರತೆಯ ಅಂಕಿಗಳೊಡನೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ನಾಡಿನ ತಾಲ್ಲೂಕುಗಳನ್ನು ಸೂಚ್ಯಂಕದಿಂದ ಅಳೆದು, ಈ ಮೂರನ್ನೂ ‘ಅತ್ಯಂತ ಹಿಂದುಳಿದ’ವುಗಳ ಸಾಲಿನಲ್ಲಿರಿಸಿತು. ಆ ಲೆಕ್ಕವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಇದೇ ಸೀಮೆಯ ಇತಿಹಾಸದಲ್ಲಿ ನಾವು ಮರೆತಿರುವ ಮತ್ತೊಂದು ಸಂಖ್ಯೆಯುಂಟು. ಅದನ್ನು ವಾಚಕರ ಮುಂದಿಡುತ್ತೇವೆ.

ಅಫಜಲಪುರ, ಜೇವರ್ಗಿಗಳ ನೆಲವನ್ನು ತೋಯಿಸುವ ಭೀಮಾನದಿಗೆ ಕಾಗಿಣಾ ನದಿಯು ಬಂದು ಸೇರುತ್ತದೆ. ಆ ಕಾಗಿಣೆಯ ದಂಡೆಯ ಮೇಲೆ, ಸೇಡಂ ತಾಲ್ಲೂಕಿನಲ್ಲಿ, ಮಳಖೇಡವಿದೆ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನೊಡನೆ ‘ಕವಿರಾಜಮಾರ್ಗ’ವನ್ನು ನೆನೆಯದ ಕನ್ನಡಿಗನಿಲ್ಲ. ಅದೇ ದೊರೆಯನ್ನು ಸ್ತುತಿಸಿ, ಸುಮಾರು 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನೆಂಬುದನ್ನು ಬಲ್ಲವರು ವಿರಳ.

ಈ ಗ್ರಂಥದ ಗುಣಾಕಾರ ಪ್ರಕರಣದಲ್ಲಿ 27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸುವ ಲೆಕ್ಕವಿದೆ. ಅದರ ಫಲ 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಇದರಲ್ಲಿರುವ ಸ್ಥಾನಗಳು 11. ಆತನಾದರೋ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದನು.

ಈ ಹಾರವನ್ನು ಕಟ್ಟಿದ ದಾರ ಯಾವುದು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ನಮ್ಮ ಸಂಖ್ಯೆಯು ಆರು ಒಂದುಗಳ ವರ್ಗವೇ ಆಗಿದೆ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಅಂಚಿನ ಸ್ಥಾನದಲ್ಲಿ ಒಂದೇ ಒಂದು, ನಡುವಿನಲ್ಲಿ ಆರು ಒಂದುಗಳು ಕೂಡುತ್ತವೆ. ಒಂಬತ್ತು ಒಂದುಗಳವರೆಗೂ ಈ ಸೊಬಗು ನಿಲ್ಲುತ್ತದೆ. ಹತ್ತಾದೊಡನೆ ದಶಕವು ಎಡಕ್ಕೆ ಸಾಗಿ, 1234567900987654321 ಎಂದು ಹಾರ ಕೆಡುತ್ತದೆ.

ಇದು ಬರಿಯ ವಿನೋದವಲ್ಲವೆಂದು ನಮಗೆ ತೋರುತ್ತದೆ. ಕೊಟ್ಟ ಸಂಖ್ಯೆಗಳನ್ನು ನೋಡಿದರೆ ಫಲದ ಸುಳಿವು ಸಿಗದು. ಲೆಕ್ಕ ಮುಗಿದಾಗ ಹಾರ ಮೂಡಿದರೆ ಶಿಷ್ಯನು ಮಾಡಿದ್ದು ಸರಿ. ಒಂದು ಮಣಿ ತಪ್ಪಿದರೂ ಆತನ ಕಣ್ಣಿಗೇ ಬೀಳುತ್ತದೆ. ಗುರುವಿನ ಬೆತ್ತಕ್ಕೆ ಅಲ್ಲಿ ಕೆಲಸವಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಹೊರಗಿನವರು ಹೀಗೆ ಆದರಿಸಿದ ಈ ವಿದ್ಯೆಯ ನೆರೆಹೊರೆಯಲ್ಲೇ ಬೆಳೆಯುವ ನಮ್ಮ ಮಕ್ಕಳು ಗಣಿತವೆಂದರೆ ಬೆದರುವುದನ್ನು ಕಂಡು ವ್ಯಥೆಯಾಗುತ್ತದೆ. ಈ ಮೂರು ತಾಲ್ಲೂಕುಗಳ ತಾಯಿತಂದೆಗಳೂ ಶಿಕ್ಷಕರೂ ಒಮ್ಮೆ ಈ ಗುಣಾಕಾರವನ್ನು ಮಕ್ಕಳ ಪಾಟಿಯ ಮೇಲೆ ಬರೆದುಕೊಡಲಿ. ಹಾರವು ಮೂಡಿದ ಮೇಲೆ, ಅದು ಯಾವ ದೊರೆಯ ಕಾಲದ್ದು, ಅವನ ರಾಜಧಾನಿ ಇಲ್ಲಿಂದ ಎಷ್ಟು ಹತ್ತಿರ ಎಂಬುದನ್ನು ಹೇಳಲಿ.