ಅಕ್ಷರಗುಂಡಿನಿಂದ ಆಕರ ವಿಮರ್ಶೆಗೆ: ದೇವಸಮುದ್ರ ಸೀಮೆ ಮತ್ತು ಕಾಲೇಜು ವಿದ್ಯಾರ್ಥಿಯ ಸಂಶೋಧನಾ ಸಿದ್ಧತೆ

ಯಾವುದೇ ಸಂಶೋಧನೆಯ ಬಲಾಬಲಗಳು ಅದು ಆಧರಿಸಿದ ಆಕರಗಳಿಂದ ನಿರ್ಣಯವಾಗುತ್ತವೆ. ಬೇಕಾದ ಮಾಹಿತಿ ಯಾವುದೆಂದು ಗುರುತಿಸುವುದು, ಅದು ದೊರೆಯುವ ಸ್ಥಳವನ್ನು ಅರಿಯುವುದು, ದೊರೆತುದನ್ನು ಪರೀಕ್ಷಿಸುವುದು, ಮೂಲವನ್ನು ಸ್ಮರಿಸಿ ಬಳಸುವುದು ಎಂಬ ನಾಲ್ಕು ಶಕ್ತಿಗಳನ್ನು ಒಟ್ಟಾಗಿ ಇಂದು 'ಮಾಹಿತಿ ಸಾಕ್ಷರತೆ' ಎಂದು ಕರೆಯಲಾಗುತ್ತಿದೆ. 1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಬಳಕೆಗೆ ತಂದ ಈ ಪರಿಭಾಷೆ ಹೊಸದಾದರೂ ಅದರ ಒಳತಿರುಳು ಕನ್ನಡದ ವಿದ್ವತ್ ಪರಂಪರೆಗೆ ಹೊಸದಲ್ಲ. ಶಾಸನ ಶೋಧ, ಗ್ರಂಥ ಸಂಪಾದನೆ ಹಾಗೂ ಜಾನಪದ ಕ್ಷೇತ್ರಕಾರ್ಯಗಳಲ್ಲಿ ತೊಡಗಿದವರು 'ಆಕರ ವಿಮರ್ಶೆ' ಎಂಬ ಹೆಸರಿನಲ್ಲಿ ಇದನ್ನೇ ಆಚರಿಸಿಕೊಂಡು ಬಂದಿದ್ದಾರೆ. ಆದರೆ ಈ ವಿವೇಕವು ಪದವಿ ಕಾಲೇಜಿನ ವಿದ್ಯಾರ್ಥಿಯವರೆಗೆ ಇಳಿದು ಬಂದಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಸೀಮೆಯ ದಾಖಲೆಗಳ ಚರಿತ್ರೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ಅದರ ಆಕರಗಳು

ದೇವಸಮುದ್ರವು ಮೊಳಕಾಲ್ಮೂರು ತಾಲ್ಲೂಕಿನ ಹೋಬಳಿ ಕೇಂದ್ರ. ಒಂದು ಕಡೆ ಬಳ್ಳಾರಿ ಜಿಲ್ಲೆ, ಇನ್ನೊಂದು ಕಡೆ ಆಂಧ್ರಪ್ರದೇಶದ ರಾಯದುರ್ಗ, ದಕ್ಷಿಣಕ್ಕೆ ಚಳ್ಳಕೆರೆ ತಾಲ್ಲೂಕು ಇರುವ ಈ ಬಯಲು ಮಳೆ ಕಡಿಮೆಯಾದ, ಕನ್ನಡ ತೆಲುಗುಗಳೆರಡೂ ನಿತ್ಯದ ಮಾತಾಗಿರುವ ಪ್ರದೇಶ. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳು, ದೇವರ ಎತ್ತುಗಳು ಹಾಗೂ ಅವುಗಳನ್ನು ಕಾಯುವ ಕಿಲಾರಿಗಳು, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರು ಇಲ್ಲಿನ ಸಾಂಸ್ಕೃತಿಕ ಬದುಕನ್ನು ರೂಪಿಸಿದ್ದಾರೆ. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಕಿರು ಬಂಡೆಶಾಸನಗಳಿವೆ.

ಊರಿನ ಹೆಸರೇ ವಿದ್ಯಾರ್ಥಿಗೆ ಮೊದಲ ಪಾಠವಾಗಬಲ್ಲದು. 'ಸಮುದ್ರ' ಎಂದು ಕೊನೆಗೊಳ್ಳುವ ಸ್ಥಳನಾಮಗಳು ಕನ್ನಡ ನಾಡಿನಲ್ಲಿ ಸಾಮಾನ್ಯವಾಗಿ ದೊಡ್ಡ ಕೆರೆಯೊಂದನ್ನು ಸೂಚಿಸುತ್ತವೆ. ಇದೇ ತಾಲ್ಲೂಕಿನ ನಾಗಸಮುದ್ರವೂ ಅಂಥದೇ. ಇಷ್ಟನ್ನು ಹೆಸರಿನಿಂದ ಊಹಿಸಬಹುದು. ಆದರೆ ಕೆರೆಯನ್ನು ಕಟ್ಟಿಸಿದವರು ಯಾರು, ಯಾವ ಕಾಲದಲ್ಲಿ, ಹೆಸರಿನ 'ದೇವ' ಎಂಬುದು ದೈವವೋ ವ್ಯಕ್ತಿಯೋ ಎಂಬುದನ್ನು ಸ್ಥಳನಾಮ ಹೇಳುವುದಿಲ್ಲ. ಅದಕ್ಕೆ ಶಾಸನ, ಕೈಫಿಯತ್ತು, ಕಂದಾಯ ದಾಖಲೆಗಳು ಬೇಕು. ಊಹೆ ಎಲ್ಲಿ ಮುಗಿಯುತ್ತದೆ, ಪುರಾವೆ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಕಾಣಬಲ್ಲವನೇ ಸಂಶೋಧನೆಗೆ ಅರ್ಹನಾಗುತ್ತಾನೆ.

ಮೂರು ಬಂಡೆ, ಮೂರು ಹೆಸರು

ಮೈಸೂರು ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಅವರು 1892ರಲ್ಲಿ ಈ ಮೂರು ಶಾಸನಗಳನ್ನು ಬೆಳಕಿಗೆ ತಂದರು. ದಕ್ಷಿಣದ ಈ ಭಾಗದವರೆಗೂ ಮೌರ್ಯರ ಆಡಳಿತ ಚಾಚಿತ್ತು ಎಂಬುದಕ್ಕೆ ಲಿಖಿತ ಪುರಾವೆ ಸಿಕ್ಕಿದ್ದು ಆಗಲೇ. ಪಠ್ಯಪುಸ್ತಕಗಳಲ್ಲಿ ಈ ಸಂಗತಿ 'ರೈಸ್ ಶೋಧಿಸಿದರು' ಎಂಬ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಆದರೆ ಆ ಕಾಲದ ವಿದ್ವತ್ ವರದಿಗಳು ಇನ್ನೊಂದು ಮುಖ್ಯ ಅಂಶವನ್ನು ಉಳಿಸಿಕೊಟ್ಟಿವೆ. ಸ್ಥಳೀಯರು ಈ ಬಂಡೆಗಳಿಗೆ ತಮ್ಮದೇ ಹೆಸರುಗಳನ್ನು ಇಟ್ಟಿದ್ದರು. ಬ್ರಹ್ಮಗಿರಿಯದು 'ಅಕ್ಷರಗುಂಡು', ಅದಕ್ಕೆ ರೋಗ ಕಳೆಯುವ ಗುಣವಿದೆಯೆಂಬ ನಂಬಿಕೆಯೂ ಇತ್ತು. ಸಿದ್ದಾಪುರದ್ದು 'ಎನಮನ ತಿಮ್ಮಯ್ಯನ ಗುಂಡ್ಲು', ಅಂದರೆ ಎಮ್ಮೆ ಕಾಯುವ ತಿಮ್ಮಯ್ಯನ ಬಂಡೆಗಳು. ಜಟಿಂಗ ರಾಮೇಶ್ವರದ್ದು 'ಬಳೆಗಾರ ಗುಂಡು'. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು.

ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಮೂರು ಹೆಸರುಗಳ ಮಹತ್ವ ಅಧಿಕ. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಯಾರೂ ಇಲ್ಲದಿದ್ದ ಕಾಲದಲ್ಲಿಯೂ ಆ ಗೆರೆಗಳು ಅಕ್ಷರಗಳೇ ಎಂಬ ತಿಳಿವಳಿಕೆಯನ್ನು ಊರವರು ಕಾಪಾಡಿಕೊಂಡು ಬಂದಿದ್ದರೆಂಬುದನ್ನು 'ಅಕ್ಷರಗುಂಡು' ತಿಳಿಸುತ್ತದೆ. ಎರಡನೆಯ ಹೆಸರಿನಲ್ಲಿ ಎಮ್ಮೆಗೆ ಬಳಸಿದ ಮಾತು ಮತ್ತು 'ಗುಂಡ್ಲು' ಎಂಬ ಬಹುವಚನ ತೆಲುಗಿನವು, 'ತಿಮ್ಮಯ್ಯನ' ಎಂಬ ಷಷ್ಠೀ ರೂಪ ಕನ್ನಡದ್ದು. ಗಡಿನಾಡಿನ ಭಾಷಾ ಬೆರಕೆಗೆ ಅದೊಂದು ಪುಟ್ಟ ದಾಖಲೆ. ಮೂರನೆಯದು ಜಾತ್ರೆಯ ಆರ್ಥಿಕ ಚಟುವಟಿಕೆಯನ್ನು ಹೇಳುತ್ತದೆ. ಶಾಸನದ ಪಾಠವನ್ನು ಮಾತ್ರ ಆಕರವೆಂದು ಭಾವಿಸಿದ ವಿದ್ಯಾರ್ಥಿಗೆ ಬಂಡೆಯ ಸುತ್ತಲಿನ ಈ ಚರಿತ್ರೆ ಕಾಣುವುದಿಲ್ಲ. ಹೆಸರಿನ ಕಥೆಯನ್ನು ಮಾತ್ರ ಕೇಳಿದವನಿಗೆ ಮೌರ್ಯರ ಚರಿತ್ರೆ ಕಾಣುವುದಿಲ್ಲ. ಎರಡನ್ನೂ ಎದುರುಬದುರಾಗಿ ಇಡುವುದೇ ಸಂಶೋಧನಾ ಕೌಶಲ.

ಓದು ಬದಲಾದ ಬಗೆ

ಒಮ್ಮೆ ಅಚ್ಚಾದುದು ಎಂದೆಂದಿಗೂ ಸತ್ಯ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಗಾಢವಾಗಿದೆ. ಬ್ರಹ್ಮಗಿರಿಯ ಅಧ್ಯಯನ ಚರಿತ್ರೆ ಈ ಭಾವನೆಯನ್ನು ತಿದ್ದುತ್ತದೆ. ಈ ಶಾಸನವು ಸುವರ್ಣಗಿರಿಯಿಂದ ಆರ್ಯಪುತ್ರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ. ಇದರಲ್ಲಿ 'ದೇವಾನಂಪಿಯ' ಎಂಬ ಬಿರುದು ಮಾತ್ರ ಇದೆ. 'ಅಶೋಕ' ಎಂಬ ಹೆಸರಿಲ್ಲ. ಆ ಹೆಸರು ಶಾಸನದಲ್ಲಿ ಮೊದಲು ದೊರೆತದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಬ್ರಹ್ಮಗಿರಿ ಶಾಸನದಲ್ಲಿ ಅಶೋಕನ ಹೆಸರಿದೆ ಎಂದು ಬರೆಯುವ ವಿದ್ಯಾರ್ಥಿ ಶಾಸನ ಪಾಠವನ್ನು ತೆರೆದು ನೋಡಿಲ್ಲವೆಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಶಾಸನದಲ್ಲಿ ಬರುವ 256 ಎಂಬ ಸಂಖ್ಯೆಯದು ಇನ್ನೊಂದು ನಿದರ್ಶನ. ಬ್ಯೂಲರ್ ಅವರು ಅದನ್ನು ಬುದ್ಧನ ಪರಿನಿರ್ವಾಣದಿಂದ ಕಳೆದ ವರ್ಷಗಳೆಂದು ಅರ್ಥೈಸಿದ್ದರು. ಬುದ್ಧನ ಕಾಲನಿರ್ಣಯವೇ ಅದರ ಮೇಲೆ ನಿಲ್ಲಬಹುದಾಗಿದ್ದುದರಿಂದ ಆ ವಾದಕ್ಕೆ ತೂಕವಿತ್ತು. ನಂತರದ ವಿದ್ವಾಂಸರು ಅದನ್ನು ಯಾತ್ರೆಯಲ್ಲಿ ಕಳೆದ 256 ರಾತ್ರಿಗಳೆಂದು ಓದಿದರು. ಈಗ ಸಾಮಾನ್ಯವಾಗಿ ಒಪ್ಪಿತವಾಗಿರುವುದು ಈ ಓದು. ಹತ್ತೊಂಬತ್ತನೆಯ ಶತಮಾನದ ಗ್ರಂಥವನ್ನು ಮಾತ್ರ ಓದಿದವನಿಗೆ ಈ ಬದಲಾವಣೆ ತಿಳಿಯದು. ಹುಲ್ಟ್‌ಶ್ ಅವರು 1925ರಲ್ಲಿ ಹೊರತಂದ ಅಶೋಕ ಶಾಸನಗಳ ಪರಿಷ್ಕೃತ ಸಂಪುಟದಂತಹ ನಂತರದ ಕೃತಿಗಳನ್ನು ತೌಲನಿಕವಾಗಿ ನೋಡುವ ಅಭ್ಯಾಸ ಇದರಿಂದಾಗಿಯೇ ಅನಿವಾರ್ಯವಾಗುತ್ತದೆ.

ಉತ್ಖನನದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಮೈಸೂರಿನ ಎಂ.ಎಚ್. ಕೃಷ್ಣ ಅವರು ಮೊದಲು ಅಗೆತ ನಡೆಸಿದ್ದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿ, ಕಲ್ಲುಗೊಡಲಿ, ಬೃಹತ್ ಶಿಲಾ ಸಮಾಧಿ ಮತ್ತು ಆಂಧ್ರ ಎಂಬ ಮೂರು ಸಂಸ್ಕೃತಿಗಳ ಅನುಕ್ರಮವನ್ನು ಮಂಡಿಸಿದರು. ಪುದುಚೇರಿ ಬಳಿಯ ಅರಿಕಮೇಡಿನ ಮಡಕೆಗಳ ಕಾಲವನ್ನು ಆಧಾರವಾಗಿಟ್ಟುಕೊಂಡು ಅವರು ಕಲ್ಲುಗೊಡಲಿ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ, ಬೃಹತ್ ಶಿಲಾ ಸಂಸ್ಕೃತಿಯನ್ನು ಕ್ರಿ.ಪೂ. 200ರ ಆಸುಪಾಸಿನಲ್ಲಿ ಇರಿಸಿದರು. ಇಂಗಾಲ ಕಾಲಮಾಪನ ವಿಧಾನ ಬಳಕೆಗೆ ಬಂದ ಮೇಲೆ ಉತನೂರಿನ ಬೂದಿದಿಬ್ಬ ಮೊದಲಾದ ನೆಲೆಗಳಿಂದ ದಕ್ಷಿಣದ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಹಳ್ಳೂರಿನ ಕಾಲಮಾಪನದಿಂದ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೆ ಹೋಯಿತು. ವೀಲರ್ ಅವರ ಪದರ ವಿಂಗಡಣೆಯ ಕ್ರಮ ಇಂದಿಗೂ ಮಾನ್ಯ; ಅವರು ಕೊಟ್ಟ ಕಾಲ ಮಾನ್ಯವಲ್ಲ. ಒಂದೇ ವರದಿಯಲ್ಲಿ ಉಳಿಯುವ ಭಾಗವನ್ನೂ ಕಳಚುವ ಭಾಗವನ್ನೂ ಬೇರ್ಪಡಿಸುವುದು ವಿದ್ಯಾರ್ಥಿ ಕಲಿಯಬೇಕಾದ ಅತ್ಯಂತ ಕಠಿಣ ವಿದ್ಯೆ.

ಗಡಿ ಮತ್ತು ದಾಖಲೆಯ ವಿಳಾಸ

ಆಕರದ ಗುಣವನ್ನು ಅರಿತರೆ ಸಾಲದು, ಅದು ಎಲ್ಲಿದೆ ಎಂಬುದನ್ನೂ ಅರಿಯಬೇಕು. ದೇವಸಮುದ್ರ ಸೀಮೆಯ ಮಟ್ಟಿಗೆ ಇದು ಸುಲಭವಲ್ಲ. ಮೊಳಕಾಲ್ಮೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಕೆಲವೇ ಹರದಾರಿ ದೂರದ ರಾಯದುರ್ಗ ಮತ್ತು ಬಳ್ಳಾರಿಗಳು 1800ರಿಂದ ಬ್ರಿಟಿಷರ ಮದ್ರಾಸ್ ಆಧಿಪತ್ಯದಲ್ಲಿದ್ದವು. 1953ರಲ್ಲಿ ಬಳ್ಳಾರಿ ಜಿಲ್ಲೆ ವಿಭಜನೆಯಾದಾಗ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಉಳಿದ ಭಾಗ ಮೈಸೂರಿಗೆ ಬಂದಿತು. ಹಾಗಾಗಿ ರಾಯದುರ್ಗದ ಪಾಳೆಯಗಾರರ ಬಗ್ಗೆ ತಿಳಿಯಬಯಸುವ ವಿದ್ಯಾರ್ಥಿ 1905ರ ಅನಂತಪುರ ಗ್ಯಾಸೆಟಿಯರ್ ತೆರೆದರೆ ನಿರಾಶನಾಗುತ್ತಾನೆ. ಅವನಿಗೆ ಬೇಕಾದುದು 1904ರ ಬಳ್ಳಾರಿ ಗ್ಯಾಸೆಟಿಯರ್‌ನಲ್ಲಿದೆ. ಒಂದೇ ಹಟ್ಟಿಯ ಬಂಧುಬಳಗದ ಚರಿತ್ರೆಯ ಕಾಗದಗಳು ಬೆಂಗಳೂರಿನಲ್ಲೊಂದು ಪಾಲು, ಚೆನ್ನೈನಲ್ಲೊಂದು ಪಾಲು ಆಗಿ ಹಂಚಿಹೋಗಿರಲು ಸಾಧ್ಯ. ಚಿತ್ರದುರ್ಗ ಜಿಲ್ಲೆಯೂ 1997ರಲ್ಲಿ ವಿಭಜನೆಗೊಂಡು ದಾವಣಗೆರೆ ಜಿಲ್ಲೆ ರೂಪುಗೊಂಡಿತು. ಅದಕ್ಕೆ ಮೊದಲಿನ ಮತ್ತು ನಂತರದ ಜಿಲ್ಲಾ ಅಂಕಿ ಅಂಶಗಳನ್ನು ನೇರವಾಗಿ ಹೋಲಿಸಿದರೆ ತೀರ್ಮಾನ ದಾರಿ ತಪ್ಪುತ್ತದೆ.

ಕಾಗುಣಿತದ ತೊಡಕೂ ಇದೆ. ಇಂಗ್ಲಿಷ್ ದಾಖಲೆಗಳಲ್ಲಿ ಚಿತ್ರದುರ್ಗವು ಚಿತಲ್‌ಡ್ರೂಗ್, ಚಿತಲ್‌ದುರ್ಗ್ ಎಂದೂ, ಕನ್ನಡದಲ್ಲಿಯೇ ತಾಲ್ಲೂಕಿನ ಹೆಸರು ಮೊಳಕಾಲ್ಮೂರು, ಮೊಳಕಾಲ್ಮುರು ಎಂದೂ ಬರುತ್ತದೆ. ರೂಪಭೇದಗಳನ್ನು ಮೊದಲೇ ಪಟ್ಟಿ ಮಾಡಿಕೊಂಡು ಹುಡುಕದವನಿಗೆ ಇದ್ದ ದಾಖಲೆಯೂ ಇಲ್ಲವೆಂದೇ ತೋರುತ್ತದೆ.

ಮೌಖಿಕ ಆಕರಗಳ ಹೊಣೆ

ಈ ಸೀಮೆಯ ಜ್ಞಾನದ ಬಹುಭಾಗ ಕಾಗದದ ಮೇಲಿಲ್ಲ. ಗಾದ್ರಿಪಾಲನಾಯಕ, ಜುಂಜಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಾವ್ಯಗಳು ಹಾಡುಗಾರರ ನೆನಪಿನಲ್ಲಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೂ ಅಪಾರ ಪದಗಳನ್ನು ಕಂಠದಲ್ಲಿ ಇರಿಸಿಕೊಂಡಿದ್ದ ಕಲಾವಿದೆ. ಕೃಷ್ಣಮೂರ್ತಿ ಹನೂರು ಅವರ ಸಂಗ್ರಹ ಕಾರ್ಯದಿಂದ ಆ ಭಂಡಾರ ಕನ್ನಡ ಓದುಗರಿಗೆ ತಲುಪಿತು. ಇಂತಹ ಆಕರಗಳಿಗೆ ಶಿಸ್ತು ಬೇಡವೆಂಬ ತಿಳಿವಳಿಕೆ ತಪ್ಪು. ಹಾಡಿದವರು ಯಾರು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ, ಯಾರ ಎದುರು ಹಾಡಿದರು, ಪಾಠವನ್ನು ಸಂಪಾದಕರು ಎಷ್ಟು ತಿದ್ದಿದರು ಎಂಬ ವಿವರಗಳಿಲ್ಲದ ಸಂಗ್ರಹ ಮುಂದಿನ ಸಂಶೋಧಕನಿಗೆ ಅರ್ಧ ಉಪಯುಕ್ತ ಮಾತ್ರ.

ಇಲ್ಲಿ ಶಾಸ್ತ್ರದ ಪ್ರಶ್ನೆಯ ಜೊತೆಗೆ ನ್ಯಾಯದ ಪ್ರಶ್ನೆಯೂ ಸೇರಿಕೊಂಡಿದೆ. ಮುಟ್ಟು ಮತ್ತು ಹೆರಿಗೆಯ ಸಂದರ್ಭದಲ್ಲಿ ಹೆಂಗಸರನ್ನು ಹಟ್ಟಿಯಿಂದ ಹೊರಗಿರಿಸುವ ಕಾಡುಗೊಲ್ಲರ ಸೂತಕಾಚರಣೆಯನ್ನು ಪೂಜಾರಿಯಿಂದಲೂ ಯಜಮಾನನಿಂದಲೂ ಮಾತ್ರ ಕೇಳಿ ದಾಖಲಿಸಿದರೆ ಅದು 'ದೇವರ ಕಟ್ಟಳೆ'ಯಾಗಿ ಕಾಣುತ್ತದೆ. ಹೊರಗೆ ರಾತ್ರಿ ಕಳೆದ ಬಾಣಂತಿಯನ್ನು ಕೇಳಿದರೆ ಅದೇ ಆಚರಣೆ ಚಳಿ, ಮಳೆ, ಕೂಸಿನ ಆರೋಗ್ಯದ ಮಾತಾಗುತ್ತದೆ. ಅಂತೆಯೇ 1909ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ಸಂಪುಟಗಳು ಮ್ಯಾಸಬೇಡರನ್ನು ಬೋಯ ಎಂಬ ಶೀರ್ಷಿಕೆಯ ಅಡಿಯಲ್ಲಿ ವಿವರಿಸುತ್ತವೆ. ಯಾವ ಹೆಸರಿನ ಅಡಿಯಲ್ಲಿ ಒಂದು ಸಮುದಾಯ ದಾಖಲಾಗಿದೆ ಎಂಬುದು ಮೀಸಲಾತಿಯ ಕಾಲದಲ್ಲಿ ಬದುಕಿನ ಪ್ರಶ್ನೆ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕಾಡುಗೊಲ್ಲರ ಬಹುಕಾಲದ ಬೇಡಿಕೆಯಲ್ಲಿ ಅವರು ಊರುಗೊಲ್ಲರಿಂದ ಭಿನ್ನರೆಂಬ ವಾದವೇ ಕೇಂದ್ರ. ಅದಕ್ಕೆ ಆಧಾರ ಕುಲಶಾಸ್ತ್ರೀಯ ವಿವರಗಳು. ಕಾಲೇಜು ವಿದ್ಯಾರ್ಥಿಯೊಬ್ಬ ಎರಡು ಸಮುದಾಯಗಳ ಆಚರಣೆಗಳನ್ನು ಬೆರೆಸಿ ಬರೆದ ಕಿರುಪ್ರಬಂಧ ನಾಳೆ ಬೇರೊಂದು ಗ್ರಂಥದಲ್ಲಿ ಆಕರವಾಗಿ ಉಲ್ಲೇಖಗೊಂಡರೆ ಅದರ ಭಾರ ಹೊರಬೇಕಾದವರು ಹಟ್ಟಿಯ ಜನ.

ಗಣಕಯುಗದ ಅನುಕೂಲ ಮತ್ತು ಮಿತಿ

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಪಠ್ಯವನ್ನು ಕಡ್ಡಾಯಗೊಳಿಸಿತು. 'ಶೋಧಗಂಗಾ' ಜಾಲತಾಣದಿಂದ ದೇಶದ ಪ್ರಬಂಧಗಳು ಗ್ರಾಮಾಂತರ ವಿದ್ಯಾರ್ಥಿಗೂ ಎಟುಕುವಂತಾದವು. ಹಳೆಯ ಶಾಸನ ಸಂಪುಟಗಳೂ ಗ್ಯಾಸೆಟಿಯರ್‌ಗಳೂ ಅಂತರ್ಜಾಲದಲ್ಲಿ ದೊರೆಯುತ್ತಿವೆ. ಆದರೆ ಅನೇಕ ಕನ್ನಡ ಪ್ರಬಂಧಗಳು ಛಾಯಾಪ್ರತಿಗಳಾಗಿಯೋ ಯೂನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸಗಳಲ್ಲಿಯೋ ಇರುವುದರಿಂದ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಹುಡುಕುಯಂತ್ರದಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂಬ ತೀರ್ಮಾನ ಕನ್ನಡದ ಮಟ್ಟಿಗೆ ಅಪಾಯಕಾರಿ. ಕೃತಿಚೌರ್ಯ ತಡೆಗೆ ಆಯೋಗವು 2018ರಲ್ಲಿ ತಂದ ನಿಯಮಗಳು ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡ ವಿಧಿಸುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಅಂಕಗಣಿತವಾಗಿ ಗ್ರಹಿಸಿ ವಾಕ್ಯಗಳನ್ನು ತಿರುಚುವುದರಲ್ಲಿ ಶ್ರಮ ವ್ಯಯಿಸಿದರೆ ನಿಯಮದ ಆಶಯ ಸೋಲುತ್ತದೆ. ಯಂತ್ರ ಅಳೆಯುವುದು ಪದಗಳ ಹೋಲಿಕೆಯನ್ನು. ವೀಲರ್ ಅವರ ಹಳೆಯ ಕಾಲಗಣನೆಯನ್ನು ಸ್ವಂತ ವಾಕ್ಯದಲ್ಲಿ ಬರೆದವನನ್ನು ಅದು ಹಿಡಿಯುವುದಿಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳು ಆಕರದ ವಿಳಾಸವಿಲ್ಲದೆಯೂ ನಿರರ್ಗಳ ಉತ್ತರ ಕೊಡಬಲ್ಲವಾದ್ದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮಾಹಿತಿ ಸಾಕ್ಷರತೆಯನ್ನು ಗಣಕದ ಕೋಣೆಯಲ್ಲಿ ಮಾತ್ರ ಕಲಿಸಲಾಗದು. ಅದಕ್ಕೆ ಸ್ಥಳೀಯ ಸಾಮಗ್ರಿಯೇ ಉತ್ತಮ ಪಠ್ಯ. ಮೊಳಕಾಲ್ಮೂರು, ಚಳ್ಳಕೆರೆಗಳ ಕಾಲೇಜು ವಿದ್ಯಾರ್ಥಿಗೆ ಒಂದು ಶಾಸನದ ಎರಡು ಓದುಗಳನ್ನು, ಒಂದು ಉತ್ಖನನದ ಎರಡು ಕಾಲನಿರ್ಣಯಗಳನ್ನು, ಒಂದು ಆಚರಣೆಯ ಎರಡು ನಿರೂಪಣೆಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದನ್ನು ಏಕೆ ಒಪ್ಪಬೇಕು ಎಂದು ಕೇಳುವ ಅಭ್ಯಾಸ ಪದವಿಯ ಮೊದಲ ವರ್ಷದಲ್ಲಿಯೇ ಆರಂಭವಾಗಬೇಕು. ಗ್ರಂಥಪಾಲಕರು, ಇತಿಹಾಸ ಮತ್ತು ಕನ್ನಡ ಅಧ್ಯಾಪಕರು ಕೂಡಿ ಮಾಡಬೇಕಾದ ಕೆಲಸ ಇದು. ಅಕ್ಷರ ಬಾರದ ಊರವರು ಒಂದು ಬಂಡೆಯನ್ನು ಅಕ್ಷರಗುಂಡೆಂದು ಗುರುತಿಸಿ, ಆ ಹೆಸರಿನಲ್ಲಿ ಕಾಯ್ದುಕೊಟ್ಟರು. ಅಕ್ಷರ ಬಲ್ಲ ಇಂದಿನ ವಿದ್ಯಾರ್ಥಿಯ ಹೊಣೆ ಅದಕ್ಕಿಂತ ಕಡಿಮೆಯದಲ್ಲ: ತಾನು ಬರೆಯುವ ಪ್ರತಿಯೊಂದು ಸಂಗತಿಗೂ ಅದು ಬಂದ ದಾರಿಯನ್ನು ಮುಂದಿನವರಿಗೆ ತೋರಿಸಿಕೊಡುವುದು.