ಮುಳ್ಳೇರಿಯದ ಕಾಡು ಹೋದ ದಾರಿ

ಚೆರ್ಕಳದಿಂದ ಜಾಲ್ಸೂರಿಗೆ ಏರಿಹೋಗುವ ರಸ್ತೆಯ ನಡುದಾರಿಯಲ್ಲಿ, ಪಯಸ್ವಿನಿಯ ಬಡಗು ದಿಕ್ಕಿನ ಗುಡ್ಡಗಳ ನಡುವೆ ನೆಲೆಗೊಂಡಿರುವ ಮುಳ್ಳೇರಿಯದ ಪೇಟೆಯಲ್ಲಿ ನಿಂತು ಸುತ್ತ ನೋಡಿದರೆ, ರಬ್ಬರು, ಅಡಿಕೆ, ಗೇರು, ಮುರಕಲ್ಲಿನ ಪಾರೆಗಳ ಎಡೆಯೆಡೆಯಲ್ಲಿ ಉಳಿದಿರುವ ಕಾರಡ್ಕದ ಕಾಡು ಒಂದು ಮಹಾರಣ್ಯದ ಶೇಷವೆಂಬುದು ಥಟ್ಟನೆ ಹೊಳೆಯಲಾರದು. ಈ ಅರಣ್ಯವು ಕ್ಷೀಣಿಸಿದ ಬಗೆಯನ್ನು ವಿಚಾರಿಸ ಹೊರಟವನಿಗೆ ಹತ್ತೊಂಬತ್ತನೆಯ ಶತಮಾನದ ಅರಣ್ಯಾಧಿಕಾರಿಗಳ ಬರಹಗಳು ಮೊಟ್ಟಮೊದಲು ತೋರಿಸಿಕೊಡುವ ಅಪರಾಧಿಯೆಂದರೆ ಕುಮರಿ ಬೇಸಾಯಗಾರ. ಆ ಆರೋಪವನ್ನು ಹಾಗೆಯೇ ಒಪ್ಪಿಕೊಳ್ಳಲು ನನ್ನ ಮನಸ್ಸು ಒಡಂಬಡುವುದಿಲ್ಲ.

ಮಳೆ ನಿಂತ ಮೇಲೆ ಗುಡ್ಡದ ಇಳಿಜಾರಿನ ಕಾಡನ್ನು ಕತ್ತಿಯಿಂದ ಸವರಿ, ಕಡಿದುದನ್ನು ಬೇಸಗೆಯ ಬಿಸಿಲಿಗೆ ಒಣಗಬಿಟ್ಟು, ಮುಂಗಾರಿಗೆ ಮುನ್ನ ಬೆಂಕಿಯಿಟ್ಟು, ಬೂದಿ ಇನ್ನೂ ಮೆತ್ತಗಿರುವಾಗಲೇ ರಾಗಿ, ತೊಗರಿ, ಗುಡ್ಡೆಭತ್ತಗಳನ್ನು ಬಿತ್ತಿ, ಹಂದಿ ಜಿಂಕೆಗಳು ನುಗ್ಗದಂತೆ ರಾತ್ರಿಯೆಲ್ಲ ಕಾವಲಿದ್ದು, ಒಂದೆರಡು ಬೆಳೆ ತೆಗೆದ ತರುವಾಯ ಆ ನೆಲವನ್ನು ಹತ್ತು ಹನ್ನೆರಡು ವರ್ಷಗಳ ಕಾಲ ಮರಳಿ ಕಾಡಿಗೇ ಬಿಟ್ಟುಕೊಡುವುದು ಕುಮರಿಯ ಕ್ರಮ. ಈ ಸೀಮೆಯು ಬೇಕಲ ತಾಲೂಕೆಂದು ಕರೆಯಲ್ಪಡುತ್ತಿದ್ದ ಕಾಲದಲ್ಲಿ ಅಲ್ಲಿಯ ಗ್ರಾಮೀಣ ಜನರಲ್ಲಿ ಆರರಲ್ಲೊಂದು ಪಾಲು, ಎಂದರೆ 25,000ಕ್ಕೂ ಮಿಕ್ಕಿದ ಮಂದಿ, ಕುಮರಿಯನ್ನೇ ನಂಬಿದ್ದರೆಂದು ಮದರಾಸಿನ ಪ್ರಥಮ ಅರಣ್ಯ ಸಂರಕ್ಷಣಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ 1861ರ ತನ್ನ ಗ್ರಂಥದಲ್ಲಿ ದಾಖಲಿಸಿರುವನು. ಸರಕಾರವು 1860ರಲ್ಲಿ ಅಪ್ಪಣೆಯಿಲ್ಲದ ಕುಮರಿಯನ್ನು ನಿಷೇಧಿಸಿತು. ಜನ ಹೆಚ್ಚಿದಂತೆ ಬೀಳುಬಿಡುವ ಅವಧಿ ಕುಗ್ಗಿ ಕುಮರಿಯಿಂದ ಮಣ್ಣು ಬರಡಾಗುತ್ತಿದ್ದುದು ಸತ್ಯವೇ. ಆದರೆ ಕುಮರಿಗಾರನು ಬಿಟ್ಟುಹೋದ ಗುಡ್ಡದಲ್ಲಿ ಕಾಡು ಮರಳಿ ಚಿಗುರುತ್ತಿದ್ದಿತು, ಅವನ ತರುವಾಯ ಬಂದವರ ಕೈಯಲ್ಲಿ ಚಿಗುರಲಿಲ್ಲ.

ತರುವಾಯ ಬಂದುದು ಉದ್ಯಮ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಅದರ ಯಶಸ್ಸನ್ನು ಕಂಡು ಕರಾವಳಿಯ ನದೀತೀರಗಳಲ್ಲಿ ಒಂದೊಂದಾಗಿ ಗೂಡುಗಳು ಎದ್ದುವು. ಹಂಚಿಗೆ ಬೇಕಾದ ಜೇಡಿ ನದಿಯ ಬಯಲಿನಲ್ಲೇ ಸಿಕ್ಕುತ್ತಿದ್ದಿತು. ಅದನ್ನು ಬೇಯಿಸುವ ಸೌದೆಯಾದರೋ ಗುಡ್ಡಗಳಿಂದ ಇಳಿದು ದೋಣಿಯೇರಿ ಬರಬೇಕಾಗಿದ್ದಿತು. ಅದುವರೆಗೆ ಪಾರೆಯ ಮುಳಿಹುಲ್ಲನ್ನು ಹೊದೆಸಿ, ವರ್ಷವರ್ಷವೂ ಹೊಸತು ಮಾಡಿಕೊಳ್ಳುತ್ತಿದ್ದ ಮನೆಗಳ ಮೇಲೆ ಕೆಂಪು ಹಂಚು ಏರಿದಾಗ ಬೆಂಕಿಯ ಭಯ ತಪ್ಪಿತೆಂದು ಜನ ಸಂತೋಷಪಟ್ಟರು. ಆ ಸಂತೋಷ ನ್ಯಾಯವಾದುದೇ. ಆದರೆ ಮುಳಿಹುಲ್ಲು ಪ್ರತಿ ಮಳೆಗೂ ಮತ್ತೆ ಬೆಳೆಯುತ್ತಿದ್ದಿತು, ಗೂಡಿನಲ್ಲಿ ಉರಿದ ಮರ ಬೆಳೆಯಲು ಒಂದು ತಲೆಮಾರು ಬೇಕಾಗಿದ್ದಿತು. 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುಮಾರ್ಗವು ಕಿರಾಲುಬೋಗಿಯಂಥ ಗಟ್ಟಿಮರಗಳಿಗೆ ಸ್ಲೀಪರುಗಳ ರೂಪದಲ್ಲಿ ಹೊಸ ಬೇಡಿಕೆಯನ್ನು ತಂದಿತಲ್ಲದೆ, ದೂರದ ಪೇಟೆಗಳನ್ನೂ ಹತ್ತಿರ ಮಾಡಿತು.

ಇತ್ತ 1882ರ ಮದರಾಸು ಅರಣ್ಯ ಕಾಯಿದೆಯ ಬಲದಿಂದ ಕಾದಿಟ್ಟ ಅರಣ್ಯಗಳ ಗಡಿಕಲ್ಲುಗಳು ಊರೊಳಗೆ ಬಂದುವು. ಇಲ್ಲಿಯ ಕೃಷಿಯನ್ನು ಬಲ್ಲವರಿಗೆ ಇದರ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ. ಅಡಿಕೆ ತೋಟದ ಬುಡಕ್ಕೆ ಹಸಿಸೊಪ್ಪು ಬೇಕು, ಹಟ್ಟಿಗೆ ಹಾಸಲು ತರಗೆಲೆ ಬೇಕು, ಅದೇ ಕೊಳೆತು ಗದ್ದೆಗೆ ಗೊಬ್ಬರವಾಗಬೇಕು. ನೆಲದೊಡೆಯನಾದ ವರ್ಗದಾರನಿಗೆ ತನ್ನ ಹಿಡುವಳಿಗೆ ತಾಗಿದ ಕುಮ್ಕಿ ಭೂಮಿಯಲ್ಲಿ ಸೊಪ್ಪು ಸೌದೆಗಳ ಹಕ್ಕಿದ್ದಿತು. ಗೇಣಿದಾರನಿಗೂ ಕೂಲಿಯವನಿಗೂ ಅಂಥ ಆಸರೆ ಇರಲಿಲ್ಲ. ಕಾರ್ಖಾನೆಯ ಗೂಡಿಗೆ ಸಲ್ಲುವ ಸೌದೆಗೆ ಪರವಾನಗಿಯುಂಟು, ಒಲೆಗೆ ಒಯ್ಯುವ ಒಂದು ಹೊರೆಗೆ ದಂಡವುಂಟು ಎಂಬ ಈ ವ್ಯವಸ್ಥೆಗೆ ಜನರು ಕೊಟ್ಟ ಉತ್ತರವೇ 1932ರಲ್ಲಿ ಮುಳ್ಳೇರಿಯಕ್ಕೆ ಸಮೀಪದ ಕಾಡಗಂನಲ್ಲಿ ನಡೆದ ಅರಣ್ಯ ಸತ್ಯಾಗ್ರಹ. ಬಂದೂಕು ಬಾವುಟಗಳ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಸ್ಥಾನ ಸಿಕ್ಕಿಲ್ಲ. ಆದರೂ ಕಾಯಿದೆ ಮೀರಿ ಕಾಡನ್ನು ಹೊಕ್ಕ ಆ ರೈತರು ಕೇಳಿದುದು ಕಾಡನ್ನಲ್ಲ, ಕಾಡಿನ ಸೊಪ್ಪು ಸೌದೆಯನ್ನು. ಈ ಭೇದವನ್ನು ಗ್ರಹಿಸದೆ ಅವರನ್ನು ಅರಣ್ಯದ ವೈರಿಗಳೆಂದು ಎಣಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ನಮ್ಮ ಅಡಿಕೆಯೂ ನಿರ್ದೋಷಿಯಲ್ಲ. ಬೆಲೆ ಏರಿದಂತೆಲ್ಲ ಕಣಿವೆಯ ತೋಟವು ಗುಡ್ಡೆಯ ಬುಡವನ್ನು ಏರಿತು. ತಿರುವಿದಾಂಕೂರಿನಿಂದ ಬಂದು ನೆಲೆಸಿದವರ ರಬ್ಬರು ಬೋಳುಗುಡ್ಡೆಯನ್ನು ಮಾತ್ರವಲ್ಲದೆ ಹಸುರು ಗುಡ್ಡೆಯನ್ನೂ ಆಕ್ರಮಿಸಿತು. ಕಾದಿಟ್ಟ ಅರಣ್ಯದೊಳಗೆ ನೈಸರ್ಗಿಕ ಮರಗಳ ಎಡೆಯಲ್ಲಿ ನೆಟ್ಟ ಅಕೇಶಿಯಾದ ಎಲೆಯನ್ನು ದನ ಮೂಸುವುದಿಲ್ಲ, ಹಟ್ಟಿಗೆ ಹಾಸಿದರೆ ಬೇಗ ಕೊಳೆಯುವುದೂ ಇಲ್ಲ.

ಇವೆಲ್ಲಕ್ಕಿಂತ ಕಠೋರವಾದ ಅಧ್ಯಾಯವೆಂದರೆ ಗೇರಿನದು. 1956ರಲ್ಲಿ ಈ ಕಾಸರಗೋಡು ಸೀಮೆಯು ಕೇರಳಕ್ಕೆ ಸೇರಿದ ಬಳಿಕ, ರಫ್ತಿನ ಬೀಜದ ಆಸೆಯಿಂದ, ಸರಕಾರಿ ಗುಡ್ಡೆಗಳಲ್ಲಿ ಗೇರುತೋಟಗಳು ಎದ್ದುವು. ಮುಂದೆ ಅವು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ವಶವಾಗಿ, ಜಿಲ್ಲೆಯಲ್ಲಿ 4,500 ಹೆಕ್ಟೇರಿಗೂ ಮೀರಿ ಹಬ್ಬಿದುವು. ನೂರಾರು ಬಗೆಯ ಮರಗಳಿರುವ ಕಾಡಿನಲ್ಲಿ ಒಂದು ಕೀಟ ತನ್ನ ಮಿತಿಯಲ್ಲಿರುವುದು. ಒಂದೇ ಮರದ ಸಾವಿರಾರು ಎಕರೆಯಲ್ಲಿ ಅದಕ್ಕೆ ತಡೆಯೆಲ್ಲಿ? ಗೇರಿನ ಹೂಗೊಂಚಲನ್ನು ಕರಕಲು ಮಾಡುವ ಚಹಾ ಸೊಳ್ಳೆಯೆಂಬ ಕೀಟವನ್ನು ಹತ್ತಿಕ್ಕಲೆಂದು ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿಯಲಾಯಿತು. ಗುಡ್ಡೆಯ ಮೇಲೆ ಬಿದ್ದುದು ಕೆಳಗಿನ ತೋಡು, ಕೆರೆ, ನೀರಿನ ಸುರಂಗಗಳಿಗೆ ಇಳಿಯುವ ಈ ನೆಲದಲ್ಲಿ ಅದರ ಫಲವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರುಗಳ ಮಕ್ಕಳು ಉಂಡರು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. ಒಂದು ಹೊರೆ ಸೌದೆಗೆ ಅಂದಂದೇ ದಂಡ ತೆತ್ತ ಈ ಊರುಗಳ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯವು ಕೇರಳ ಸರಕಾರಕ್ಕೆ ಆಜ್ಞಾಪಿಸುವ ಹೊತ್ತಿಗೆ 2017 ಬಂದಿದ್ದಿತು.